ಅಡುಗೆ ದಾಳದ ಆಟದಲ್ಲಿ ಮಗಳ ಪಾತ್ರೆ ದಿನಾ ಸೀಯುತ್ತಿದೆ, ನಿಯಮ ಹೇಗೆ ಸರಿ ಮಾಡೋದು?

ಮಳೆಮನೆ, ಸಿರ್ಸಿ

ಎಲ್ಲರಿಗೂ ನಮಸ್ಕಾರ. ಇಲ್ಲಿ ಆರು ದಿನದಿಂದ ಮಳೆ ಬಿಟ್ಟಿಲ್ಲ. ಶಾಲೆಗೆ ರಜೆ, ಸಂಜೆಯಾದರೆ ಕರೆಂಟೂ ಇಲ್ಲ. ಮಕ್ಕಳು ಮೊಬೈಲ್ ಕೇಳಿ ಕೇಳಿ ತಲೆ ತಿನ್ನುತ್ತಿದ್ದರು. ಅದಕ್ಕೆ ಮನೆಯಲ್ಲೇ ಒಂದು ಆಟ ಮಾಡಿದೆವು. ಹೆಸರು ಅಡುಗೆ ದಾಳ.

ನನ್ನ ಮಾವನವರು ಹಲಸಿನ ಮರದ ತುಂಡಿನಲ್ಲಿ ಐದು ದಾಳ ಕೊಯ್ದು ಕೊಟ್ಟರು. ಕಾಯಿಸಿದ ಮೊಳೆಯಿಂದ ಗುರುತು ಸುಟ್ಟೆವು. ಒಂದೊಂದು ದಾಳಕ್ಕೂ ಆರು ಮುಖ: ಕಾಯಿ, ಹುಳಿ, ಉಪ್ಪು, ಮೆಣಸು, ಬೆಲ್ಲ, ಬೆಂಕಿ. ಗರಟೆಯಲ್ಲಿ ಹಾಕಿ ಕುಲುಕಿ ಚಾಪೆ ಮೇಲೆ ಎಸೆಯೋದು. ಎಷ್ಟು ದಾಳ ಎಸೆಯಬೇಕು ಅನ್ನೋದು ಅವರವರ ಇಷ್ಟ. ಬೆಂಕಿ ಬರದಿದ್ದರೆ ಬಂದ ಸಾಮಾನೆಲ್ಲ ನಮ್ಮ ತಟ್ಟೆಗೆ. ಬೆಂಕಿ ಒಂದೇ ಒಂದು ಬಂದರೂ ಸೀದು ಹೋಯಿತು, ಎಸೆದದ್ದೂ ಹೋಯಿತು, ತಟ್ಟೆಯಲ್ಲಿದ್ದದ್ದೂ ಹೋಯಿತು.

ನಡುವೆ ಅಡುಗೆ ಚೀಟಿಗಳಿವೆ. ತಂಬುಳಿಗೆ ಕಾಯಿ, ಹುಳಿ, ಉಪ್ಪು. ಮಾವಿನಕಾಯಿಯ ಅಪ್ಪೆಹುಳಿಗೆ ಹುಳಿ ಎರಡು, ಉಪ್ಪು, ಮೆಣಸು. ಪಾಯಸಕ್ಕೆ ಕಾಯಿ ಎರಡು, ಬೆಲ್ಲ ಎರಡು. ಅನಾನಸ್ ಗೊಜ್ಜಿಗೆ ಐದೂ ಬೇಕು. ಎಷ್ಟು ಸಾಮಾನೋ ಅಷ್ಟು ಅಂಕ. ಮೊದಲು 20 ಮುಟ್ಟಿದವರು ಗೆದ್ದರು.

ತೊಂದರೆ ಏನೆಂದರೆ, ದಿನಾ ನಮ್ಮ ಅತ್ತೆಯವರೇ ಗೆಲ್ಲುತ್ತಾರೆ. ಅವರು ಎರಡೇ ದಾಳ ಎಸೆಯುತ್ತಾರೆ, ತಂಬುಳಿ ಮಾಡಿ ಮಾಡಿ 20 ಮುಟ್ಟುತ್ತಾರೆ. ಮಗಳಿಗೆ 8 ವರ್ಷ. ಅವಳಿಗೆ ಗೊಜ್ಜೇ ಬೇಕು, ಐದೂ ದಾಳ ಎಸೆಯುತ್ತಾಳೆ, ಸೀಯುತ್ತದೆ, ಅಳುತ್ತಾಳೆ. ನಿನ್ನೆ ಗರಟೆ ಬಿಸಾಡಿ ಒಳಗೆ ಹೋದವಳು ಊಟಕ್ಕೂ ಬರಲಿಲ್ಲ. ಆಟ ಬಿಡಲಿಕ್ಕೆ ಯಾರಿಗೂ ಮನಸ್ಸಿಲ್ಲ. ಆದರೆ ಹೀಗೇ ನಡೆಸಲಿಕ್ಕೂ ಆಗುವುದಿಲ್ಲ. ಏನು ಮಾಡಲಿ?

ಒಂದೆಲಗ

ಎಷ್ಟು ಚೆಂದದ ಆಟ ಮಾರಾಯ್ರೇ! ದಾಳದ ಫೋಟೋ ಹಾಕಿ.

ಹಳೇ ಪಗಡೆ, ಬನವಾಸಿ

ಮಕ್ಕಳಿಗೆ ಸೋಲಲಿಕ್ಕೂ ಕಲಿಸಬೇಕು. ಅಳುತ್ತಾಳೆ ಅಂತ ನಿಯಮ ಬದಲಿಸಿದರೆ ನಾಳೆ ಇನ್ನೊಂದಕ್ಕೆ ಅಳುತ್ತಾಳೆ. ನಾವು ಚೌಕಾಬಾರದಲ್ಲಿ ಅಜ್ಜನ ಹತ್ತಿರ ಎಷ್ಟು ಸಲ ಕಾಯಿ ಹೊಡೆಸಿಕೊಂಡಿಲ್ಲ? ಯಾರೂ ನಮಗಾಗಿ ನಿಯಮ ಬದಲಿಸಲಿಲ್ಲ.

ಲೆಕ್ಕದ ಮಾಸ್ತರು, ಕುಮಟಾ

ಪಗಡೆಯವರೇ, ಒಂದು ನಿಮಿಷ. ಸೋಲು ಬೇರೆ, ಗೆಲ್ಲಲಿಕ್ಕೇ ಆಗದ ಆಟ ಬೇರೆ. ಲೆಕ್ಕ ಮಾಡಿ ನೋಡೋಣ.

ಐದು ದಾಳ ಎಸೆದರೆ ಬೀಳುವ ರೀತಿ ಒಟ್ಟು 7776. ಆರನ್ನು ಐದು ಸಲ ಗುಣಿಸಿ, ಅಷ್ಟೇ. ಅದರಲ್ಲಿ ಒಂದೂ ಬೆಂಕಿ ಇಲ್ಲದ್ದು 3125, ಅಂದರೆ ಐದನ್ನು ಐದು ಸಲ ಗುಣಿಸಿದ್ದು. ಹಾಗಾಗಿ ಆ ಮಗು ನೂರು ಸಲ ಎಸೆದರೆ 60 ಸಲ ತಟ್ಟೆ ಖಾಲಿ. ಎರಡೇ ದಾಳ ಎಸೆಯುವ ಅಜ್ಜಿಗೆ ನೂರಕ್ಕೆ 31 ಸಲ ಮಾತ್ರ ಖಾಲಿ. ಮೂರು ದಾಳಕ್ಕೆ 42, ನಾಲ್ಕಕ್ಕೆ 52.

ಐದು ದಾಳ ಎಸೆಯೋದು ಧೈರ್ಯ. ಈ ನಿಯಮದಲ್ಲಿ ಧೈರ್ಯಕ್ಕೆ ಶಿಕ್ಷೆ ಇದೆ, ಬಹುಮಾನ ಇಲ್ಲ. ಮಗು ತಪ್ಪು ಆಡುತ್ತಿಲ್ಲ. ನಿಯಮವೇ ತಪ್ಪಿದೆ.

ಹಳೇ ಪಗಡೆ, ಬನವಾಸಿ

ನೂರಕ್ಕೆ 60? ಅಷ್ಟು ಅಂದುಕೊಂಡಿರಲಿಲ್ಲ. ಹಾಗಾದರೆ ಬದಲಿಸಬೇಕು, ಒಪ್ಪಿದೆ. ಆದರೆ ಬೆಂಕಿಯನ್ನು ಪೂರ್ತಿ ತೆಗೆಯಬೇಡಿ. ಭಯ ಇಲ್ಲದಿದ್ದರೆ ದಾಳ ಎಸೆಯೋದರಲ್ಲಿ ಏನಿದೆ?

ಬೈತಖೋಲ ಬಂದರು, ಕಾರವಾರ

ನಿಯಮ ಆಮೇಲೆ. ಮೊದಲು ಮೀನೆಲ್ಲಿ? ಕಾಯಿ ಇದೆ, ಮೆಣಸು ಇದೆ, ಹುಳಿ ಇದೆ, ಬಾಂಗಡೆ ಇಲ್ಲ ಅಂದರೆ ಹೇಗೆ? ನಮ್ಮ ಮನೆಯಲ್ಲಿ ಈ ಆಟ ತೆಗೆದರೆ ನಮ್ಮ ಆಯಿ ಮೊದಲು ಕೇಳುವುದೇ ಅದನ್ನು.

ಮಳೆಮನೆ, ಸಿರ್ಸಿ

ಅಣ್ಣ, ನಮ್ಮ ಮನೆಯಲ್ಲಿ ಮೀನು ಮಾಡುವುದಿಲ್ಲ, ಹಾಗಾಗಿ ಹೊಳೆಯಲಿಲ್ಲ. ಚೀಟಿ ಯಾರು ಬೇಕಾದರೂ ಅವರ ಮನೆ ಅಡುಗೆಗೆ ತಕ್ಕಂತೆ ಬರೆದುಕೊಳ್ಳಬಹುದು. ಬಾಂಗಡೆ ಸಾರಿಗೆ ಏನೇನು ಅಂತ ನೀವೇ ಹೇಳಿ.

ಮಾಸ್ತರೇ, ನಿಮ್ಮ ಲೆಕ್ಕ ಮಗಳಿಗೆ ಓದಿ ಹೇಳಿದೆ. "ನೋಡು, ನಾ ತಪ್ಪು ಆಡಿದ್ದಲ್ಲ" ಅಂತ ಅಜ್ಜಿಗೆ ಹೋಗಿ ಹೇಳಿ ಬಂದಳು. ಎರಡು ದಿನದ ಮೇಲೆ ಮುಖ ಅರಳಿತು.

ಬೈತಖೋಲ ಬಂದರು, ಕಾರವಾರ

ಕಾಯಿ ಎರಡು, ಮೆಣಸು ಎರಡು, ಹುಳಿ ಒಂದು, ಉಪ್ಪು ಒಂದು. ಜೊತೆಗೆ ತಿರ್ಫಳ. ನೀವು ಘಟ್ಟದ ಮೇಲೆ ಜುಮ್ಮನಕಾಯಿ ಅನ್ನುತ್ತೀರಲ್ಲ, ಅದೇ. ಅದಿಲ್ಲದೆ ಬಾಂಗಡೆ ಸಾರು ನನಗೆ ಸಾರೇ ಅಲ್ಲ. ಒಣಗಿದ ಸಿಪ್ಪೆ ಮಾತ್ರ ಹಾಕೋದು, ಒಳಗಿನ ಕಪ್ಪು ಬೀಜ ಬಿಸಾಡಬೇಕು. ನುಣ್ಣಗೆ ರುಬ್ಬಬಾರದು. ಜಜ್ಜಿ ಕೊನೆಗೆ ಹಾಕಬೇಕು, ಇಲ್ಲದಿದ್ದರೆ ಕಹಿ ಬಿಡುತ್ತದೆ.

ಅಘನಾಶಿನಿ ದಂಡೆ

ಬಂದರಿನ ಅಣ್ಣ, ಮಳೆಗಾಲದಲ್ಲಿ ನಿಮಗೆ ತಾಜಾ ಬಾಂಗಡೆ ಎಲ್ಲಿಂದ ಬರುತ್ತದೆ? ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟು ಕಡಲಿಗೆ ಇಳಿಯುವ ಹಾಗಿಲ್ಲ. ಆಟದಲ್ಲೂ ಅದು ಬರಲಿ. ಚೀಟಿಗಳ ನಡುವೆ ಒಂದು "ಮಳೆ" ಚೀಟಿ ಇಡಿ. ಅದು ಬಂದಾಗಿನಿಂದ ಎರಡು ಸುತ್ತು ತಾಜಾ ಮೀನಿನ ಚೀಟಿ ಮುಟ್ಟಬಾರದು. ಒಣ ಸಿಗಡಿ ಚಟ್ನಿ ಮಾಡಬಹುದು.

ಉಪ್ಪಿಗೂ ಅದೇ ಮಾತು. ನಮ್ಮ ಸಾಣಿಕಟ್ಟಾ ಆಗರದಲ್ಲಿ ಉಪ್ಪು ಬೆಳೆಯೋದು ಬಿಸಿಲಿಗೆ, ಮಳೆಯಲ್ಲಿ ಆಗರ ತುಂಬ ನೀರು. ಅದಕ್ಕೇ ಮಳೆಗಾಲದ ಉಪ್ಪು ಮೊದಲೇ ಕೂಡಿಟ್ಟಿರಬೇಕು. ಮಳೆ ಚೀಟಿ ಬಂದಾಗ ತಟ್ಟೆಯಲ್ಲಿ ಮೊದಲೇ ಇದ್ದ ಉಪ್ಪು ಮಾತ್ರ ನಡೆಯಲಿ. ಆಗ ಮಕ್ಕಳು ಉಪ್ಪು ಬಂದಾಗ ಮೂಗು ಮುರಿಯುವುದಿಲ್ಲ.

ಊರು ಅಂಕೋಲಾ, ಇರೋದು ಬೆಂಗಳೂರು

ಉಪ್ಪಿನ ಮಾತು ಬಂತು ಅಂತ ಹೇಳುತ್ತೇನೆ. 1930ರ ಏಪ್ರಿಲ್‌ನಲ್ಲಿ ನಮ್ಮ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆದಿತ್ತು. ಒಂದೇ ಎಸೆತದಲ್ಲಿ ಉಪ್ಪು ಮೂರು ಬಿದ್ದರೆ ಅದಕ್ಕೆ "ಅಂಕೋಲೆ" ಅಂತ ಹೆಸರಿಡಿ, ಎರಡು ಅಂಕ ಜಾಸ್ತಿ ಕೊಡಿ. ಮಕ್ಕಳು ಯಾಕೆ ಅಂತ ಕೇಳುತ್ತಾರೆ, ಅಲ್ಲೊಂದು ಕಥೆ ಹೇಳಬಹುದು.

ಮಾವಿನಹಣ್ಣಿನ ಶೀಕರಣೆಗೂ ಒಂದು ಚೀಟಿ ಬೇಕು. ಕರಿ ಇಶಾಡಿನದ್ದೇ ಆಗಬೇಕು. 2023ರಲ್ಲಿ ಅದಕ್ಕೆ ಭೌಗೋಳಿಕ ಗುರುತೂ ಸಿಕ್ಕಿದೆ. ಆ ಹಣ್ಣು ತಿಂದು ಎರಡು ವರ್ಷ ಆಯಿತು.

ಒಂದೆಲಗ

ಕುಮಟೆ ಈರುಳ್ಳಿಯೂ ಬರಲಿ. ಬೇಸಿಗೆಯಲ್ಲಿ ಅಳ್ವೆಕೋಡಿ ಹತ್ತಿರ ಹೆದ್ದಾರಿ ಬದಿಗೆ ಜಡೆ ಹೆಣೆದು ತೂಗು ಹಾಕಿರುತ್ತಾರಲ್ಲ, ಅದು.

ಲೆಕ್ಕದ ಮಾಸ್ತರು, ಕುಮಟಾ

ಈರುಳ್ಳಿಗೆ ಮುಖ ಎಲ್ಲಿದೆ ತಂಗಿ? ಇರುವುದೇ ಆರು. ನಮ್ಮ ಊರಿನ ಈರುಳ್ಳಿ ಅಂತ ನನಗೂ ಆಸೆ ಇದೆ, ಆದರೆ ಮುಖ ಬದಲಿಸಿದರೆ ಇಡೀ ಆಟ ಬದಲಾಗುತ್ತದೆ. ಮೊದಲು ಬೆಂಕಿಯ ವಿಷಯ ಮುಗಿಸೋಣ.

ದೊಡ್ಡಾಯಿ, ಸಿದ್ದಾಪುರ

ತಂಗಿ, ನಾನು ತಡವಾಗಿ ನೋಡಿದೆ. ಎಲ್ಲರೂ ಲೆಕ್ಕ ಹೇಳುತ್ತಿದ್ದೀರಿ, ಅಡುಗೆ ಯಾರೂ ನೋಡಲಿಲ್ಲ.

ತಂಬುಳಿ ಸೀಯೋದು ಹೇಗೆ? ತಂಬುಳಿ ಕುದಿಸುತ್ತಾರೆಯೇ? ಕಾಯಿ ಬೀಸಿ, ಮಜ್ಜಿಗೆ ಹಾಕಿ, ಉಪ್ಪು ಹಾಕಿದರೆ ಆಯಿತು. ಮೊಸರು ಹಾಕಿ ಕಲಸುವ ಹಸಿಯೂ ಅಷ್ಟೇ, ಕೋಸಂಬರಿಯೂ ಅಷ್ಟೇ, ಪಾನಕವೂ ಅಷ್ಟೇ. ಇವಕ್ಕೆ ಒಲೆ ಬೇಡ. ಒಲೆ ಹಚ್ಚದ ಅಡುಗೆಗೆ ಬೆಂಕಿಯಿಂದ ಏನಾಗುತ್ತದೆ?

ಇನ್ನೊಂದು ಮಾತು. ಬೆಂಕಿ ಅಂದರೆ ಹಾಳು ಮಾಡುವುದು ಅಂತ ಯಾಕೆ ಇಟ್ಟಿರಿ? ಬೆಂಕಿ ಇಲ್ಲದೆ ಪಾಯಸ ಆಗುತ್ತದೆಯೇ? ತೊಡದೇವು ನೆನೆಸಿಕೊಳ್ಳಿ. ಒಲೆ ಮೇಲೆ ಮಡಕೆ ಬೋರಲು ಹಾಕಿ, ಕಬ್ಬಿನಹಾಲಲ್ಲಿ ಕಲಸಿದ ಅಕ್ಕಿಹಿಟ್ಟನ್ನು ಬಟ್ಟೆಯಲ್ಲಿ ಅದ್ದಿ ಒಂದು ಎಳೆ ಬಳಿಯಬೇಕು. ಮಡಕೆ ಕಾದಿರದಿದ್ದರೆ ಹಿಟ್ಟು ಜಾರುತ್ತದೆ. ಜಾಸ್ತಿ ಕಾದರೆ ಕೈ ತೆಗೆಯುವುದರೊಳಗೆ ಕಪ್ಪು. ಹದ ಬೆಂಕಿ ಇದ್ದರೆ ಮಾತ್ರ ಕಾಗದದ ಹಾಗೆ ಏಳುತ್ತದೆ.

ಹಾಗಾಗಿ ನನ್ನ ನಿಯಮ ಇದು. ಬೆಂಕಿ ಒಂದು ಬಂದರೆ ಒಲೆ ಹತ್ತಿತು, ಬೇಯಿಸುವ ಅಡುಗೆ ಮಾಡಬಹುದು. ಎರಡು ಬಂದರೆ ಉರಿ ಜಾಸ್ತಿಯಾಗಿ ತಳ ಹಿಡಿಯಿತು. ಬೆಂಕಿ ಬರಲಿಲ್ಲ ಅಂದರೆ ಸಾಮಾನು ತಟ್ಟೆಗೆ ಹಾಕಿ, ಬೇಕಾದರೆ ತಂಬುಳಿ ಮಾಡಿ.

ಒಂದೆಲಗ

ದೊಡ್ಡಾಯಿ!! ಇದನ್ನೇ ಹುಡುಕುತ್ತಿದ್ದೆವು.

ಊರು ಅಂಕೋಲಾ, ಇರೋದು ಬೆಂಗಳೂರು

ಒಂದು ಸಣ್ಣ ತಕರಾರು. ತಂಬುಳಿಗೆ ಎಲೆ ತುಪ್ಪದಲ್ಲಿ ಬಾಡಿಸುವುದಿಲ್ಲವೇ? ಜೀರಿಗೆ, ಕಾಳುಮೆಣಸು ಹುರಿಯುವುದಿಲ್ಲವೇ? ಅದಕ್ಕೆ ಒಲೆ ಬೇಕಲ್ಲ?

ದೊಡ್ಡಾಯಿ, ಸಿದ್ದಾಪುರ

ಒಂದೆಲಗದ ಎಲೆಯನ್ನು ಹಸಿಯಾಗೇ ಬೀಸುವ ಮನೆಗಳು ಬೇಕಾದಷ್ಟಿವೆ. ನಮ್ಮದೂ ಹಾಗೇ. ಬಾಡಿಸಿದರೂ ಕುದಿಸುವುದಿಲ್ಲ, ತಳ ಹಿಡಿಯುವ ಪ್ರಶ್ನೆ ಬರುವುದಿಲ್ಲ. ಆಟಕ್ಕೆ ಇಷ್ಟು ಸಾಕು ತಮ್ಮಾ.

ಲೆಕ್ಕದ ಮಾಸ್ತರು, ಕುಮಟಾ

ದೊಡ್ಡಾಯಿಯವರ ನಿಯಮವನ್ನು ಲೆಕ್ಕಕ್ಕೆ ಹಾಕಿದೆ. ನನಗೇ ಆಶ್ಚರ್ಯ ಆಯಿತು, ಅದಕ್ಕೆ ಎರಡು ಸಲ ಮಾಡಿದೆ.

ಐದು ದಾಳದಲ್ಲಿ ಒಂದೂ ಬೆಂಕಿ ಇಲ್ಲದ್ದು 3125. ಸರಿಯಾಗಿ ಒಂದೇ ಬೆಂಕಿ ಇರುವುದು? ಬೆಂಕಿ ಯಾವ ದಾಳದಲ್ಲಿ ಬೇಕಾದರೂ ಬೀಳಬಹುದು, ಅದಕ್ಕೆ ಐದು. ಉಳಿದ ನಾಲ್ಕರಲ್ಲಿ ಬೆಂಕಿ ಬಿಟ್ಟು ಐದೈದು, ಅದು 625. ಐದು ಸಲ 625 ಅಂದರೆ 3125. ಎರಡೂ ಒಂದೇ ಸಂಖ್ಯೆ!

ನೂರು ಎಸೆತದಲ್ಲಿ 40 ಸಲ ಒಲೆ ಹತ್ತಲಿಲ್ಲ, 40 ಸಲ ಹದ ಬೆಂಕಿ, ಉಳಿದ 20 ಸಲ ತಳ ಹಿಡಿಯಿತು. ಮೊದಲು 60 ಸಲ ಸೀಯುತ್ತಿದ್ದದ್ದು 20ಕ್ಕೆ ಇಳಿಯಿತು.

ಎರಡೇ ದಾಳ ಎಸೆಯುವ ಅಜ್ಜಿಗೆ ಏನಾಗುತ್ತದೆ ನೋಡಿ. ತಳ ಹಿಡಿಯೋದು ನೂರಕ್ಕೆ ಮೂರೇ ಸಲ. ಆದರೆ ಒಲೆ ಹತ್ತುವುದೂ 28 ಸಲ ಮಾತ್ರ. ಹುಷಾರಾಗಿ ಆಡಿದರೆ ತಂಬುಳಿ ಸಿಗುತ್ತದೆ, ಪಾಯಸ ಬೇಕಾದರೆ ಕೈ ಬಿಚ್ಚಿ ಎಸೆಯಬೇಕು. ಅಜ್ಜಿಯ ದಾರಿಯೂ ಉಳಿಯಿತು, ಮಗುವಿನ ದಾರಿಯೂ ತೆರೆಯಿತು. ಇದನ್ನು ನಾನು ನಾಳೆ ಒಂಬತ್ತನೇ ಕ್ಲಾಸಿಗೆ ಹೇಳುತ್ತೇನೆ.

ಬೈತಖೋಲ ಬಂದರು, ಕಾರವಾರ

ಆರನೇ ದಾಳ ಸೇರಿಸಿದರೆ ಇನ್ನೂ ಬೇಗ ಒಲೆ ಹತ್ತುತ್ತದೆ ಅಲ್ವಾ ಮಾಸ್ತರೇ?

ಲೆಕ್ಕದ ಮಾಸ್ತರು, ಕುಮಟಾ

ಇಲ್ಲ. ಆರು ದಾಳಕ್ಕೂ ಹದ ಬೆಂಕಿ ಅದೇ 40. ತಳ ಹಿಡಿಯೋದು ಮಾತ್ರ 20ರಿಂದ 26ಕ್ಕೆ ಏರುತ್ತದೆ. ಸುಮ್ನೆ ನಷ್ಟ. ಐದೇ ಇರಲಿ.

ಹಳೇ ಪಗಡೆ, ಬನವಾಸಿ

ತಳ ಹಿಡಿದರೆ ಎಲ್ಲಾ ಹೋಗಬೇಕೋ, ಸ್ವಲ್ಪ ಉಳಿಯಬೇಕೋ? ನನ್ನ ಪ್ರಕಾರ ಎಲ್ಲಾ ಹೋಗಬೇಕು. ಇಲ್ಲದಿದ್ದರೆ ಭಯ ಇರುವುದಿಲ್ಲ.

ದೊಡ್ಡಾಯಿ, ಸಿದ್ದಾಪುರ

ಪಗಡೆಯವರೇ, ನಿಮ್ಮ ಮನೆಯಲ್ಲಿ ಸಾಂಬಾರು ತಳ ಹಿಡಿದರೆ ಪೂರ್ತಿ ಚೆಲ್ಲುತ್ತಾರೆಯೇ? ನಾವು ಚೆಲ್ಲುವುದಿಲ್ಲ. ಸೌಟು ಹಾಕಿ ಕಲಕಬಾರದು, ಕಲಕಿದರೆ ಸೀದ ವಾಸನೆ ಎಲ್ಲಾ ಕಡೆ ಹೋಗುತ್ತದೆ. ತಕ್ಷಣ ಇಳಿಸಿ ಮೇಲಿನದ್ದನ್ನು ಮೆಲ್ಲಗೆ ಬೇರೆ ಪಾತ್ರೆಗೆ ಬಗ್ಗಿಸಬೇಕು. ತಳದ್ದು ತಳಕ್ಕೇ ಬಿಡಬೇಕು. ಅರ್ಧವಾದರೂ ಉಳಿಯುತ್ತದೆ. ಆಟದಲ್ಲೂ ಅರ್ಧ ಉಳಿಯಲಿ. ಯಾವ ಅರ್ಧ ಅಂತ ಆಡುವವರೇ ಆರಿಸಲಿ.

ಹಳೇ ಪಗಡೆ, ಬನವಾಸಿ

ಯಾವುದನ್ನು ಉಳಿಸಬೇಕು ಅಂತ ಆರಿಸಬೇಕಾದರೆ ತಲೆಗೆ ಕೆಲಸ ಇದೆ. ಅದು ನನಗೆ ಹಿಡಿಸಿತು. ಆದರೆ ಮೂರು ಬೆಂಕಿ ಬಿದ್ದರೆ ಎಲ್ಲಾ ಹೋಗಲಿ. ಇದೊಂದು ಮಾತು ನಾನು ಬಿಡುವುದಿಲ್ಲ.

ಲೆಕ್ಕದ ಮಾಸ್ತರು, ಕುಮಟಾ

ಮೂರು ಅಥವಾ ಜಾಸ್ತಿ ಬೆಂಕಿ ಬರೋದು 7776ರಲ್ಲಿ 276, ನೂರಕ್ಕೆ ಮೂರೂವರೆ. ಅಷ್ಟು ಭಯ ಇರಲಿ, ಪಗಡೆಯವರಿಗೆ ನನ್ನ ಮತ.

ಗರಗಸ, ಹೊನ್ನಾವರ

ನಾನು ಮರಗೆಲಸದವ. ಎಲ್ಲರೂ 7776 ಅನ್ನುತ್ತಿದ್ದೀರಿ, ಆ ಲೆಕ್ಕ ನಡೆಯೋದು ದಾಳ ಸರಿಯಿದ್ದರೆ ಮಾತ್ರ. ಕೈಯಲ್ಲಿ ಕೊಯ್ದ ದಾಳ ಚೌಕ ಇರುವುದು ಕಷ್ಟ. ಅಳತೆ ಕೂದಲೆಳೆ ಹೆಚ್ಚುಕಡಿಮೆ ಆದರೂ ಅಗಲದ ಮುಖದ ಮೇಲೆ ಕೂರುತ್ತದೆ. ಅಕ್ಕ ಮೊಳೆ ಕಾಯಿಸಿ ಸುಟ್ಟೆವು ಅಂದರಲ್ಲ, ಬೆಂಕಿ ಗುರುತು ಆಳವಾಗಿ ಸುಟ್ಟಿದ್ದರೆ ಆ ಬದಿ ಹಗುರ. ಹಗುರ ಬದಿ ಮೇಲೆ ಬರೋದು ಜಾಸ್ತಿ.

ಹೀಗೆ ಪರೀಕ್ಷೆ ಮಾಡಿ. ದೊಡ್ಡ ಪಾತ್ರೆಯಲ್ಲಿ ನೀರು ತುಂಬಿ ದಾಳ ಬಿಡಿ. ಮರ ತೇಲುತ್ತದೆ. ಬೆರಳಲ್ಲಿ ತಿರುಗಿಸಿ ಬಿಡಿ. ಪ್ರತಿ ಸಲವೂ ಅದೇ ಮುಖ ಮೇಲೆ ಬಂದರೆ ತೂಕ ಸರಿಯಿಲ್ಲ. ಮುಗಿದ ತಕ್ಷಣ ಒರೆಸಿ, ಮಳೆಗಾಲದಲ್ಲಿ ಹಲಸು ನೀರು ಕುಡಿದರೆ ಉಬ್ಬುತ್ತದೆ. ಒಣಗಿದ ಮೇಲೆ ಒಂದು ಹನಿ ಕೊಬ್ಬರಿ ಎಣ್ಣೆ ಉಜ್ಜಿ.

ಲೆಕ್ಕದ ಮಾಸ್ತರು, ಕುಮಟಾ

ಒಳ್ಳೆಯ ಮಾತು. ಇನ್ನೊಂದು ದಾರಿ ಇದೆ, ಮಕ್ಕಳಿಗೆ ಕೆಲಸವೂ ಆಯಿತು. ಒಂದೊಂದು ದಾಳವನ್ನೂ 120 ಸಲ ಎಸೆದು ಗೀರು ಹಾಕಿಸಿ. ಪ್ರತಿ ಮುಖ 20ರ ಆಸುಪಾಸು ಬರಬೇಕು. 15 ಬಂದರೂ 25 ಬಂದರೂ ತಲೆ ಕೆಡಿಸಿಕೊಳ್ಳಬೇಡಿ. 30 ದಾಟಿದರೆ ನನಗೆ ಹೇಳಿ.

ಅಘನಾಶಿನಿ ದಂಡೆ

ದಾಳ ಕೊಯ್ಯಲಿಕ್ಕೆ ಬರದವರು ಏನು ಮಾಡಬೇಕು? ಹಳೇ ಕಾಲದಲ್ಲಿ ಕವಡೆ ಇತ್ತು. ಅದೂ ಇಲ್ಲದವರು ಹುಣಸೆ ಬೀಜವನ್ನು ಕಲ್ಲಿಗೆ ತಿಕ್ಕಿ ಒಂದು ಬದಿ ಬಿಳಿ ಮಾಡುತ್ತಿದ್ದರು. ನಮ್ಮ ದಂಡೆಯಲ್ಲಿ ಬೆಳಚಿನ ಚಿಪ್ಪು ರಾಶಿ ಬಿದ್ದಿರುತ್ತದೆ. ಅದರಲ್ಲಿ ಆಡಬಹುದೇ?

ಹಳೇ ಪಗಡೆ, ಬನವಾಸಿ

ಕವಡೆಗೆ ಎರಡೇ ಬದಿ. ಚೌಕಾಬಾರದಲ್ಲಿ ನಾಲ್ಕು ಕವಡೆ ಎಸೆದು ಮೇಲಾದದ್ದನ್ನು ಎಣಿಸುತ್ತೇವೆ. ನಾಲ್ಕೂ ಮೇಲಾದರೆ ಚೌಕ, ನಾಲ್ಕೂ ಕವುಚಿದರೆ ಬಾರ, ಎಂಟು. ಆರು ಸಾಮಾನು ಅದರಲ್ಲಿ ಸರಿಯಾಗಿ ಹಂಚಲಿಕ್ಕೆ ಬರುವುದಿಲ್ಲ. ಪಗಡೆಯ ದಾಳಕ್ಕೂ ನಾಲ್ಕೇ ಮುಖ, ಉದ್ದಕ್ಕೆ ಇರುತ್ತದೆ. ಲೂಡೋ ದಾಳ ಐದು ತಂದು, 1 ಅಂದರೆ ಬೆಂಕಿ, 2 ಅಂದರೆ ಕಾಯಿ ಅಂತ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಸಣ್ಣವರಿಗೆ ಚಿತ್ರ ಅಂಟಿಸಿ ಕೊಡಿ.

ಊರು ಅಂಕೋಲಾ, ಇರೋದು ಬೆಂಗಳೂರು

ಇಲ್ಲಿ ನನ್ನ ಆಫೀಸಿನವರ ಮನೆಯಲ್ಲಿ ಯಾಟ್ಜಿ ಅಂತ ಆಡುತ್ತಾರೆ. ಅದರಲ್ಲೂ ಐದೇ ದಾಳ, ಒಂದು ಸರದಿಗೆ ಮೂರು ಎಸೆತ, 13 ಸುತ್ತು. 1956ರಿಂದ ಅಮೆರಿಕದಲ್ಲಿ ಮಾರುತ್ತಿದ್ದಾರಂತೆ. ಬೇಕಾದ ದಾಳ ಇಟ್ಟುಕೊಂಡು ಉಳಿದದ್ದನ್ನು ಮತ್ತೆ ಎಸೆಯಬಹುದು. ಅದನ್ನೂ ಸೇರಿಸಿದರೆ?

ಲೆಕ್ಕದ ಮಾಸ್ತರು, ಕುಮಟಾ

ದೊಡ್ಡವರಿಗೆ ಸರಿ. 8 ವರ್ಷದವಳಿಗೆ ಸದ್ಯ ಬೇಡ. ತಟ್ಟೆಯಲ್ಲಿ ಕೂಡಿಡುವುದೂ, ಮತ್ತೆ ಎಸೆಯುವುದೂ ಎರಡೂ ಇದ್ದರೆ ಒಬ್ಬೊಬ್ಬರ ಸರದಿಗೆ ಹೊತ್ತು ಜಾಸ್ತಿ ಹಿಡಿಯುತ್ತದೆ. ಉಳಿದವರು ಎದ್ದು ಹೋಗುತ್ತಾರೆ.

ಸಂಜೆ ಕಟ್ಟೆ

ಕ್ಷಮಿಸಿ, ನನಗೊಂದು ಅಳುಕು. ದಾಳ ಅಂದರೆ ಜೂಜಲ್ಲವೇ? ಧರ್ಮರಾಯನ ಕಥೆ ಗೊತ್ತಿದ್ದೂ ಮಕ್ಕಳ ಕೈಗೆ ದಾಳ ಕೊಡುವುದು ಸರಿಯೇ?

ದೊಡ್ಡಾಯಿ, ಸಿದ್ದಾಪುರ

ಧರ್ಮರಾಯ ರಾಜ್ಯ ಒಡ್ಡಿದ. ಈ ಮಕ್ಕಳು ಹುಳಿ, ಉಪ್ಪು ಒಡ್ಡುತ್ತಿದ್ದಾರೆ. ಹಣ ಇಲ್ಲದ ಕಡೆ ಜೂಜಿಲ್ಲ. ಮಳೆಗಾಲ ಬಂತೆಂದರೆ ನಮ್ಮ ಅಮ್ಮಮ್ಮ ಚೆನ್ನೆಮಣೆ ಅಟ್ಟದಿಂದ ಇಳಿಸುತ್ತಿದ್ದಳು. ಹದಿನಾಲ್ಕು ಗುಳಿ, ಹೊಂಗಾರಕನ ಬೀಜ. ಆಟ ಆಡುತ್ತಲೇ ನನಗೆ ಎಣಿಕೆ ಬಂದದ್ದು.

ಸಂಜೆ ಕಟ್ಟೆ

ಹಣ ಇಡಬಾರದು ಅಂತ ನಿಯಮದಲ್ಲೇ ಬರೆದರೆ ನನಗೆ ತಕರಾರಿಲ್ಲ.

ಮಳೆಮನೆ, ಸಿರ್ಸಿ

ಮೊದಲ ಸಾಲಿನಲ್ಲೇ ಬರೆದಿದ್ದೇನೆ: "ಹಣ ಇಲ್ಲ. ಸೋತವರು ಪಾತ್ರೆ ತೊಳೆಯುವುದೂ ಇಲ್ಲ." ಎರಡನೆಯದು ಮಗನ ಒತ್ತಾಯಕ್ಕೆ.

ಗರಗಸದ ತಮ್ಮಾ, ನೀವು ಹೇಳಿದ್ದು ನಿಜ. ಇಬ್ಬರೂ ಮಕ್ಕಳು ಕೂತು ಐದೂ ದಾಳ 120 ಸಲ ಎಸೆದರು. ಇಡೀ ಮಧ್ಯಾಹ್ನ ಹೋಯಿತು, ಮೊಬೈಲ್ ಯಾರೂ ಕೇಳಲಿಲ್ಲ. ನಾಲ್ಕು ದಾಳ ಸರಿ ಇವೆ. ಒಂದರಲ್ಲಿ ಬೆಂಕಿ 34 ಸಲ! ತೆಗೆದು ನೋಡಿದರೆ ಅದರ ಬೆಂಕಿ ಗುರುತು ಮಾತ್ರ ಕಾಳುಮೆಣಸು ಕೂರುವಷ್ಟು ಆಳಕ್ಕೆ ಸುಟ್ಟಿದೆ. ನೀರಿನಲ್ಲಿ ಬಿಟ್ಟರೆ ಯಾವ ಕಡೆ ತಿರುಗಿಸಿದರೂ ಹೊರಳಿ ಹೊರಳಿ ಬೆಂಕಿಯೇ ಮೇಲೆ. ಮಗಳು ಆ ದಾಳವನ್ನು ಗುರುತು ಹಿಡಿದಳು. ಅದರ ಮೂಲೆ ಸ್ವಲ್ಪ ಒಡೆದಿದೆ, ಐದನೇ ದಾಳ ಅಂತ ಯಾವಾಗಲೂ ಅದನ್ನೇ ಕೊನೆಗೆ ತೆಗೆದುಕೊಳ್ಳುತ್ತಿದ್ದಳು.

ಲೆಕ್ಕದ ಮಾಸ್ತರು, ಕುಮಟಾ

34 ಅಂದರೆ ದಾಳದ್ದೇ ದೋಷ, ಸಂಶಯ ಬೇಡ. ಪಾಪ, ಅವಳಿಗೆ ನಾನು ಹೇಳಿದ 60ಕ್ಕಿಂತ ಜಾಸ್ತಿಯೇ ಸೀಯುತ್ತಿತ್ತು.

ಗರಗಸ, ಹೊನ್ನಾವರ

ಆ ದಾಳ ತೆಗೆದಿಡಿ ಅಕ್ಕ. ಆ ಗುಳಿಗೆ ಹಲಸಿನ ಮರದ ಹುಡಿಯನ್ನು ಗೋಂದಿನಲ್ಲಿ ಕಲಸಿ ತುಂಬಿ, ಒಣಗಿದ ಮೇಲೆ ಮರಳು ಕಾಗದ ಹಾಕಿ ಉಜ್ಜಿ. ಮತ್ತೆ ಸುಡಬೇಡಿ, ಕೆಂಪು ಬಣ್ಣ ಹಚ್ಚಿ. ಆಮೇಲೆ ಇನ್ನೊಮ್ಮೆ ನೀರಿಗೆ ಬಿಟ್ಟು ನೋಡಿ.

ಅಘನಾಶಿನಿ ದಂಡೆ

ಇನ್ನೊಂದು ಕೇಳಬೇಕಿತ್ತು. "ಹುಳಿ" ಅಂತ ಒಂದೇ ಮುಖ ಇಟ್ಟಿದ್ದೀರಲ್ಲ, ಯಾವ ಹುಳಿ? ಕರಾವಳಿಯಲ್ಲಿ, ಘಟ್ಟದಲ್ಲಿ ಹುಳಿ ಎಷ್ಟು ಥರ ಇದೆ!

ದೊಡ್ಡಾಯಿ, ಸಿದ್ದಾಪುರ

ಇದು ಸರಿಯಾದ ಪ್ರಶ್ನೆ. ಹುಳಿಗೇ ಒಂದು ಬೇರೆ ದಾಳ ಮಾಡಿ. ಹುಣಸೆ, ಮುರುಗಲು, ವಾಟೆ, ಅಪ್ಪೆಮಿಡಿ, ಉಪ್ಪಾಗೆ, ಮಜ್ಜಿಗೆ. ಮುರುಗಲು ಹಣ್ಣಾಗುವುದು ಬೇಸಿಗೆಯ ಕೊನೆಗೆ, ಮಳೆ ಹಿಡಿಯುವುದರೊಳಗೆ ಸಿಪ್ಪೆ ಒಣಗಿಸಿಕೊಳ್ಳಬೇಕು. ಉಪ್ಪಾಗೆ ಬರುವುದೇ ಮಳೆಗಾಲದಲ್ಲಿ. ಬಿಸಿಲಿರುವುದಿಲ್ಲ, ಹಾಗಾಗಿ ಹೊಗೆಯಲ್ಲಿ ಒಣಗಿಸುತ್ತಾರೆ. ಎರಡರ ಬೀಜದಿಂದಲೂ ತುಪ್ಪ ತೆಗೆಯುತ್ತಾರೆ. ಈಗಿನ ಮಕ್ಕಳಿಗೆ ಇದೆಲ್ಲ ಗೊತ್ತಾಗುವುದು ಹೇಗೆ? ದಾಳದ ಮೇಲೆ ಬರೆದರೆ ಕೇಳುತ್ತಾರೆ.

ಬೈತಖೋಲ ಬಂದರು, ಕಾರವಾರ

ಅಂಬಟೆ ಎಲ್ಲಿ ದೊಡ್ಡಾಯಿ? ಮಜ್ಜಿಗೆ ತೆಗೆದು ಅಂಬಟೆ ಹಾಕಿ. ಸಿಗಡಿಗೆ ಅಂಬಟೆ ಹಾಕಿದ ರುಚಿ ಬೇರೆ ಯಾವ ಹುಳಿಗೂ ಬರುವುದಿಲ್ಲ.

ದೊಡ್ಡಾಯಿ, ಸಿದ್ದಾಪುರ

ಮಜ್ಜಿಗೆ ತೆಗೆದರೆ ತಂಬುಳಿ ಹೇಗೆ ಮಾಡುತ್ತೀರಿ? ಹುಣಸೆ ತೆಗೆಯಿರಿ, ಅದು ಎಲ್ಲಾ ಊರಲ್ಲೂ ಇದೆ.

ಹಳೇ ಪಗಡೆ, ಬನವಾಸಿ

ಹುಣಸೆ ತೆಗೆಯುವುದೇ? ನಮ್ಮ ಬಯಲಿನ ಕಡೆ ಹುಣಸೆ ಬಿಟ್ಟರೆ ಸಾರಿಗೆ ಏನು ಹಾಕೋದು? ನನ್ನ ಒಪ್ಪಿಗೆ ಇಲ್ಲ.

ಒಂದೆಲಗ

ಲಿಂಬೆ ಯಾರಿಗೂ ನೆನಪಾಗಲಿಲ್ಲ.

ಮಳೆಮನೆ, ಸಿರ್ಸಿ

ನಿನ್ನೆ ರಾತ್ರಿ ಹೊಸ ನಿಯಮದಲ್ಲಿ ಆಡಿದೆವು. ದೀಪ ಹಚ್ಚಿ ಜಗಲಿಯಲ್ಲಿ ಕೂತಿದ್ದೆವು. ಕೆಟ್ಟ ದಾಳದ ಬದಲು ಲೂಡೋ ದಾಳ ಒಂದಕ್ಕೆ ಚೀಟಿ ಅಂಟಿಸಿ ಸೇರಿಸಿದ್ದೆ.

ಅತ್ತೆಯವರು ಎಂದಿನ ಹಾಗೆ ಎರಡು ದಾಳ. ತಂಬುಳಿ ಮಾಡಿದರು, ಹಸಿ ಮಾಡಿದರು, 15 ಅಂಕ ಆಯಿತು. ಮಗಳದ್ದು 12. ಅವಳ ತಟ್ಟೆಯಲ್ಲಿ ಕಾಯಿ, ಬೆಲ್ಲ ಎರಡು, ಹುಳಿ, ಉಪ್ಪು, ಮೆಣಸು ಇತ್ತು. ಗೊಜ್ಜಿಗೆ ಎಲ್ಲಾ ಇದೆ, ಒಲೆ ಒಂದು ಹತ್ತಬೇಕು. ಐದೂ ದಾಳ ಗರಟೆಗೆ ಹಾಕಿದಳು. ಎಸೆದರೆ ಬೆಂಕಿ ಎರಡು! ತಳ ಹಿಡಿಯಿತು. ಈಗ ಗರಟೆ ಬಿಸಾಡುತ್ತಾಳೆ ಅಂತ ನಾನು ಕೈ ಚಾಚಿದೆ. ಅವಳು ಬಿಸಾಡಲಿಲ್ಲ. ತಟ್ಟೆ ನೋಡುತ್ತಾ ಕೂತಳು. ಆಮೇಲೆ ಮೆಣಸು, ಉಪ್ಪು, ಹುಳಿ ಮೂರನ್ನೂ ಒಂದೊಂದಾಗಿ ಎತ್ತಿ ಪಕ್ಕಕ್ಕಿಟ್ಟಳು. "ತಳದ್ದು ತಳಕ್ಕೇ" ಅಂದಳು. ಉಳಿದದ್ದು ಕಾಯಿ, ಬೆಲ್ಲ ಎರಡು. ಗೊಜ್ಜು ಬಿಟ್ಟು ಪಾಯಸಕ್ಕೆ ತಿರುಗಿದ್ದಳು.

ಮುಂದಿನ ಎರಡು ಸರದಿಗೆ ಬೆಂಕಿ ಬರಲಿಲ್ಲ, ತಟ್ಟೆ ಮತ್ತೆ ತುಂಬಿತು. ಮೂರನೇ ಸಲ ಒಂದೇ ಬೆಂಕಿ. ಪಾಯಸ ಮಾಡಿ 16. ಆಮೇಲೆ ಅಪ್ಪೆಹುಳಿಗೆ ಹೊರಟಳು. ಅಷ್ಟರಲ್ಲಿ ಅತ್ತೆಯವರಿಗೂ ಹುರುಪು ಬಂದು ಮೊದಲ ಸಲ ಐದು ದಾಳ ಎಸೆದರು. ಮೂರು ಬೆಂಕಿ ಬಿತ್ತು! ಪಗಡೆಯವರ ನಿಯಮ, ತಟ್ಟೆ ಪೂರ್ತಿ ಖಾಲಿ. ಮಗಳು ಓಡಿ ಹೋಗಿ ಅಜ್ಜಿಯನ್ನು ತಬ್ಬಿಕೊಂಡು "ಅಜ್ಜಿ, ಪರವಾಗಿಲ್ಲ, ಇನ್ನೊಂದ್ಸಲ ಎಸಿ" ಅಂದಳು.

ಗೆದ್ದದ್ದು ಮಗ, ಸದ್ದಿಲ್ಲದೆ ನಾಲ್ಕು ನಾಲ್ಕು ದಾಳ ಎಸೆದು.

ಲೆಕ್ಕದ ಮಾಸ್ತರು, ಕುಮಟಾ

ನಾಲ್ಕು ದಾಳ! ಹೊಸ ನಿಯಮದಲ್ಲಿ ನಾನು ಅದರ ಲೆಕ್ಕವೇ ಹಾಕಿರಲಿಲ್ಲ, ಈಗ ಹಾಕಿದೆ. ಹದ ಬೆಂಕಿ ನೂರಕ್ಕೆ 39, ತಳ ಹಿಡಿಯೋದು 13 ಮಾತ್ರ. ಐದು ದಾಳಕ್ಕೆ 40 ಮತ್ತು 20 ಇತ್ತಲ್ಲ. ಒಲೆ ಹೆಚ್ಚುಕಡಿಮೆ ಅಷ್ಟೇ ಹತ್ತುತ್ತದೆ, ಸೀಯೋದು ಕಮ್ಮಿ. ಹುಡುಗ ಎಷ್ಟನೇ ಕ್ಲಾಸು?

ಮಳೆಮನೆ, ಸಿರ್ಸಿ

ಏಳನೇ ಕ್ಲಾಸು. ಲೆಕ್ಕ ಹಾಕಿದ್ದಲ್ಲವಂತೆ, ತಂಗಿ ಐದು ಎಸೆಯುವುದನ್ನೂ ಅಜ್ಜಿ ಎರಡು ಎಸೆಯುವುದನ್ನೂ ನೋಡಿ ನಡುವಿನದ್ದು ಹಿಡಿದನಂತೆ.

ಹಳೇ ಪಗಡೆ, ಬನವಾಸಿ

ಮಗು ಅಜ್ಜಿಯನ್ನು ತಬ್ಬಿಕೊಂಡದ್ದು ಓದಿ ಕಣ್ಣು ತುಂಬಿತು. ಮೊದಲು ನಾನು ಬರೆದದ್ದು ಸ್ವಲ್ಪ ಒರಟಾಯಿತು ತಂಗಿ. ಮಗಳಿಗೆ ಬನವಾಸಿ ಅಜ್ಜನ ಆಶೀರ್ವಾದ ಹೇಳಿ.

ಬೈತಖೋಲ ಬಂದರು, ಕಾರವಾರ

ನಾವೂ ಲೂಡೋ ದಾಳದಲ್ಲಿ ಶುರು ಮಾಡಿದೆವು. ಮಗಳು ಚೀಟಿಗೆಲ್ಲ ಮೀನಿನ ಚಿತ್ರ ಬಿಡಿಸಿದ್ದಾಳೆ. ಒಂದೇ ಜಗಳ ಉಳಿದಿದೆ. ಆಯಿ ಹೇಳುತ್ತಾಳೆ, ತಿರ್ಫಳ ಸಿಗದಿದ್ದರೂ ಬಾಂಗಡೆ ಸಾರಿಗೆ ಪೂರ್ತಿ ಅಂಕ ಕೊಡಬೇಕು ಅಂತ. ನಾನು ಒಂದು ಅಂಕ ಕಳೆಯಬೇಕು ಅನ್ನುತ್ತೇನೆ. ದೊಡ್ಡಾಯಿ, ನೀವು ಮೀನು ತಿನ್ನುವುದಿಲ್ಲ ಗೊತ್ತು, ಆದರೆ ನ್ಯಾಯ ನೀವೇ ಹೇಳಬೇಕು.

ದೊಡ್ಡಾಯಿ, ಸಿದ್ದಾಪುರ

ಸಾರು ಮಾಡುವವರು ಯಾರು?

ಬೈತಖೋಲ ಬಂದರು, ಕಾರವಾರ

ಆಯಿ.

ದೊಡ್ಡಾಯಿ, ಸಿದ್ದಾಪುರ

ಹಾಗಾದರೆ ಪೂರ್ತಿ ಅಂಕ ಕೊಡು ತಮ್ಮಾ.